ಕೈ ವ್ಯಾಕ್ಯೂಮ್ ಪಂಪ್ ಕೊಳ್ಳಬೇಕೆ? ಗಟ್ಟಿಯಾದ ಬ್ರೇಕ್ ಪೆಡಲ್, ಕಳೆದುಹೋದ ಪಿಕಪ್

ಸೇಡಂ ರಸ್ತೆಯ ಸವಾರ (ಕಲಬುರಗಿ)

ಎಲ್ಲರಿಗೂ ಶರಣು. ನನ್ನ ಬಳಿ 2011ರ ಏಳು ಸೀಟಿನ ಡೀಸೆಲ್ ಗಾಡಿ ಇದೆ. ವಿಜಿಟಿ ಟರ್ಬೊ (ಒಳಗಿನ ರೆಕ್ಕೆಗಳ ಅಂತರ ಬದಲಾಗುವಂಥದು) ಇದೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಇಲ್ಲ. ಎರಡು ತಿಂಗಳಿನಿಂದ ಎರಡು ತೊಂದರೆಗಳು ಜೊತೆಯಾಗಿ ಕಾಣಿಸಿಕೊಂಡಿವೆ. ಸೂಪರ್ ಮಾರ್ಕೆಟ್ ಸುತ್ತಲಿನ ದಟ್ಟಣೆಯಲ್ಲಿ ಒಂದರ ಹಿಂದೊಂದು ಮೂರು ನಾಲ್ಕು ಬಾರಿ ಬ್ರೇಕ್ ಒತ್ತಿದರೆ ಪೆಡಲ್ ಶಹಾಬಾದ್ ಕಲ್ಲಿನಷ್ಟು ಗಟ್ಟಿಯಾಗುತ್ತದೆ; ಅರ್ಧ ನಿಮಿಷ ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಇನ್ನೊಂದು, 2,000 ಆರ್‌ಪಿಎಂ ದಾಟುವವರೆಗೆ ಗಾಡಿ ಎಳೆಯುವುದೇ ಇಲ್ಲ, ಹಿಂದಿನಿಂದ ಕಪ್ಪು ಹೊಗೆಯೂ ಬರುತ್ತದೆ.

ತೋರಿಸಿದ ಗ್ಯಾರೇಜಿನಲ್ಲಿ ಬ್ರೇಕ್ ಬೂಸ್ಟರ್ (ನಿರ್ವಾತದ ಬಲದಿಂದ ಪೆಡಲ್ ಹಗುರ ಮಾಡುವ ಡಬ್ಬಿ) ಬದಲಿಸಬೇಕು, ಟರ್ಬೊ ಬಿಚ್ಚಿ ಕೆಲಸ ಮಾಡಬೇಕು ಎಂದು ಎರಡು ಬೇರೆ ಬೇರೆ ಅಂದಾಜು ಬರೆದುಕೊಟ್ಟರು. ಯಾವುದನ್ನೂ ಅಳೆದು ನೋಡಲಿಲ್ಲ. ಹೈದರಾಬಾದಿನಲ್ಲಿರುವ ನಮ್ಮ ಭಾವ ಮಾತ್ರ, ಮೊದಲು ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್ ಒಂದನ್ನು ತೆಗೆದುಕೊಂಡು ಪರೀಕ್ಷಿಸು, ಆಮೇಲೆ ಹಣ ಬಿಚ್ಚು ಎಂದು ಹೇಳುತ್ತಿದ್ದಾರೆ. ಸ್ಪಾನರ್ ಹಿಡಿಯಲು ಬರುತ್ತದೆ, ಆದರೆ ಈ ಪಂಪ್ ಅನ್ನು ನಾನು ಬಳಸಿಲ್ಲ. ಎಂಥದ್ದನ್ನು ಕೊಳ್ಳಬೇಕು, ಹೇಗೆ ಬಳಸಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನೌಬಾದ್ ಉಸ್ತಾದ್ (ಬೀದರ್)

ಶರಣು. ಎರಡು ಅಂದಾಜು ಬರೆದಿದ್ದಾರೆ ಎಂದಿರಿ, ಆದರೆ ರೋಗ ಒಂದೇ ಇರಬಹುದು.

ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ತಾನಾಗಿಯೇ ನಿರ್ವಾತ (ವ್ಯಾಕ್ಯೂಮ್) ಹುಟ್ಟುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಅಂಥ ಎಳೆತ ಸಿಗುವುದಿಲ್ಲವಾದ್ದರಿಂದ ಬ್ರೇಕ್ ಬೂಸ್ಟರಿಗಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇಟ್ಟಿರುತ್ತಾರೆ. ಹಳೆಯ ಗಾಡಿಗಳಲ್ಲಿ ಅದು ಹೆಚ್ಚಾಗಿ ಆಲ್ಟರ್ನೇಟರ್ ಬೆನ್ನಿಗಿರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟಿನ ತುದಿಗಿರುತ್ತದೆ. ನಿಮ್ಮದರಂತೆ ವ್ಯಾಕ್ಯೂಮಿನಿಂದ ನಡೆಯುವ ವಿಜಿಟಿ ಟರ್ಬೊ ಇದ್ದರೆ ಅದೇ ಪಂಪಿನಿಂದ ಸಣ್ಣ ಪೈಪೊಂದು ಕವಲೊಡೆದು ಸೋಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ವಾಲ್ವ್) ಮೂಲಕ ಟರ್ಬೊ ಆಕ್ಚುಯೇಟರಿಗೆ (ಕಡ್ಡಿ ಎಳೆಯುವ ಪುಟ್ಟ ಡಬ್ಬಿಗೆ) ಹೋಗುತ್ತದೆ. ಎಂಜಿನ್ ನಿಧಾನವಿರುವಾಗ ಈ ವ್ಯಾಕ್ಯೂಮ್ ಆಕ್ಚುಯೇಟರಿನ ಕಡ್ಡಿಯನ್ನು ಎಳೆದು ಟರ್ಬೊ ಒಳಗಿನ ರೆಕ್ಕೆಗಳನ್ನು ಕಿರಿದಾಗಿಸುತ್ತದೆ, ಆಗ ಸ್ವಲ್ಪ ಹೊಗೆಯಲ್ಲೂ ಟರ್ಬೊ ಬೇಗ ತಿರುಗುತ್ತದೆ. ಎಳೆತವಿಲ್ಲದಿದ್ದರೆ ರೆಕ್ಕೆಗಳು ಅಗಲವಾಗಿಯೇ ಉಳಿಯುತ್ತವೆ. ಪಿಕಪ್ ಹೋಗುವುದು, ಕಪ್ಪು ಹೊಗೆ ಬರುವುದು, ಪೆಡಲ್ ಗಟ್ಟಿಯಾಗುವುದು ಮೂರನ್ನೂ ಆ ದಾರಿಯಲ್ಲಿನ ಒಂದು ಬಿರುಕು ಮಾಡಬಲ್ಲದು.

ಪಂಪ್ ಕೊಳ್ಳುವ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆಗಳನ್ನು ಮಾಡಿರಿ. ಎಂಜಿನ್ ನಿಲ್ಲಿಸಿ ಐದಾರು ಬಾರಿ ಬ್ರೇಕ್ ಒತ್ತಿ ಬೂಸ್ಟರ್ ಖಾಲಿ ಮಾಡಿ, ಕಾಲನ್ನು ಪೆಡಲ್ ಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿರಿ. ಪೆಡಲ್ ತಾನೇ ಸ್ವಲ್ಪ ಕೆಳಗೆ ಇಳಿಯಬೇಕು. ಇನ್ನೊಂದು, ಒಬ್ಬರನ್ನು ಒಳಗೆ ಕೂರಿಸಿ ಸ್ಟಾರ್ಟ್ ಮಾಡಿಸಿ ಟರ್ಬೊ ಪಕ್ಕದ ಕಡ್ಡಿಯನ್ನು ನೋಡಿರಿ. ಸ್ಟಾರ್ಟ್ ಆದೊಡನೆ ಅದು ಎಳೆದುಕೊಳ್ಳಬೇಕು, ಬಂದ್ ಮಾಡಿದಾಗ ಬಿಡಬೇಕು. ದುರಸ್ತಿ ಆಗುವವರೆಗೆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿರಿ.

ಸೇಡಂ ರಸ್ತೆಯ ಸವಾರ (ಕಲಬುರಗಿ)

ಉಸ್ತಾದರೇ, ಇಂದು ಬೆಳಿಗ್ಗೆ ನೋಡಿದೆ. ಪೆಡಲ್ ಇಳಿಯುತ್ತದೆ, ಆದರೆ ತಡವಾಗಿ. ಟರ್ಬೊ ಕಡ್ಡಿ ಬೆರಳಿನ ಅಗಲದ ಕಾಲು ಭಾಗದಷ್ಟು ಅಲುಗಿ ನಿಂತುಬಿಟ್ಟಿತು. ಪಂಪ್ ಕೊಳ್ಳಲು ನಿರ್ಧರಿಸಿದ್ದೇನೆ.

ಡಿಪ್ಲೊಮಾ ಮಾಸ್ತರ (ಕಲಬುರಗಿ)

ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುವವನಾಗಿ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಬರೆಯುತ್ತೇನೆ.

ಈ ಪಂಪಿನ ಒಳರಚನೆ ಬಹಳ ಸರಳವಾದುದು: ಒಂದು ಸಿಲಿಂಡರ್, ಒಂದು ಪಿಸ್ಟನ್, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಎರಡು ವಾಲ್ವುಗಳು, ಒಂದು ಗೇಜ್, ಮತ್ತು ಹಿಡಿದ ನಿರ್ವಾತವನ್ನು ಬಿಟ್ಟುಬಿಡಲು ಒಂದು ಸಣ್ಣ ಗುಂಡಿ. ಕೊಳ್ಳುವವರು ಸಾಮಾನ್ಯವಾಗಿ ಅದು ಎಷ್ಟು ಇಂಚಿನವರೆಗೆ (ನಿರ್ವಾತವನ್ನು ಪಾದರಸದ ಇಂಚುಗಳಲ್ಲಿ ಅಳೆಯುತ್ತಾರೆ) ಎಳೆಯುತ್ತದೆ ಎಂದು ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ, ಎಳೆದದ್ದನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದು. ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಸೋರುತ್ತಿದೆಯೇ, ಪೈಪು ಸೋರುತ್ತಿದೆಯೇ ಎಂದು ತಿಳಿಯಲು ನಾವು ಗೇಜಿನ ಮುಳ್ಳು ಇಳಿಯುವುದನ್ನು ಕಾಯುತ್ತೇವೆ. ಪಂಪೇ ಸೋರುತ್ತಿದ್ದರೆ ಒಳ್ಳೆಯ ಬೂಸ್ಟರನ್ನೂ ಕೆಟ್ಟದ್ದೆಂದು ತೀರ್ಮಾನಿಸಿ ಬದಲಿಸಿಬಿಡುತ್ತೇವೆ.

ಆದ್ದರಿಂದ ಲೋಹದ ಮೈಯುಳ್ಳ, ಬಿಚ್ಚಿ ಒಳಗಿನ ಸೀಲ್ ಬದಲಿಸಲು ಬರುವ, ಸೀಲ್ ಕಿಟ್ ಬೇರೆಯಾಗಿ ಸಿಗುವ ಪಂಪನ್ನು ಆರಿಸಿರಿ. ಗೇಜಿನ ಮುಖ ದೊಡ್ಡದಿರಲಿ, ಪಾದರಸದ ಇಂಚು ಮತ್ತು ಬಾರ್ ಅಥವಾ ಕಿಲೊಪಾಸ್ಕಲ್ ಎರಡೂ ಅಳತೆಗಳು ಅದರ ಮೇಲಿರಲಿ, ಏಕೆಂದರೆ ದುರಸ್ತಿ ಕೈಪಿಡಿಗಳು ಒಂದೊಂದು ಒಂದೊಂದು ಅಳತೆಯಲ್ಲಿ ಬರೆಯುತ್ತವೆ. 1 ಇಂಚು ಎಂದರೆ 25.4 ಮಿಲಿಮೀಟರ್ ಪಾದರಸ ಅಥವಾ ಸುಮಾರು 3.39 ಕಿಲೊಪಾಸ್ಕಲ್, 20 ಇಂಚು ಎಂದರೆ ಹತ್ತಿರಹತ್ತಿರ 68 ಕಿಲೊಪಾಸ್ಕಲ್. ಪೆಟ್ಟಿಗೆಯಲ್ಲಿ ಬರುವ ಹತ್ತಾರು ರಬ್ಬರ್ ತುದಿಗಳಿಗೆ ಮರುಳಾಗಬೇಡಿರಿ, ಕೆಲಸಕ್ಕೆ ಬರುವವು ಮೂರು ನಾಲ್ಕು ಮಾತ್ರ. ಪಾರದರ್ಶಕ ಪೈಪು, ಟಿ ಕನೆಕ್ಟರ್, ಮುಚ್ಚಳವಿರುವ ದ್ರವದ ಡಬ್ಬಿ ಇವು ಖಂಡಿತ ಬೇಕು.

ಶಹಾಪುರದ ಹಳೆಗಾಡಿ (ಯಾದಗಿರಿ)

ಮಾಸ್ತರರ ಮಾತಿಗೆ ನನ್ನ ಕೈ ಸುಟ್ಟುಕೊಂಡ ಅನುಭವವನ್ನು ಸೇರಿಸುತ್ತೇನೆ. ಕಾರ್ಬ್ಯುರೇಟರ್ ಕಾಲದ ಮಾರುತಿ 800 ಒಂದನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಅದರ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ (ನಿರ್ವಾತದಿಂದ ಕಿಡಿಯ ಸಮಯ ಹೊಂದಿಸುವ ಭಾಗ) ಪರೀಕ್ಷಿಸಲು ಅತಿ ಕಡಿಮೆ ಬೆಲೆಯ ಪ್ಲಾಸ್ಟಿಕ್ ಪಂಪನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಒತ್ತಿದಾಗ ಮುಳ್ಳು ಏರಿತು, ಕೈ ಬಿಟ್ಟೊಡನೆ ಇಳಿಯಿತು. ಡಯಾಫ್ರಾಮ್ ಹರಿದಿದೆ ಎಂದು ತಿಳಿದು ಹಳೆಯ ಸಾಮಾನುಗಳ ಅಂಗಡಿಗಳನ್ನೆಲ್ಲ ಅಲೆದು ಬೇರೊಂದು ಡಯಾಫ್ರಾಮ್ ಹುಡುಕಿ ಹಾಕಿದರೆ ಮುಳ್ಳು ಮತ್ತೆ ಹಾಗೆಯೇ ಇಳಿಯಿತು. ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿದಾಗಲೂ ಇಳಿಯಿತು. ತೆಗೆದಿಟ್ಟಿದ್ದ ಹಳೆಯ ಡಯಾಫ್ರಾಮ್ ಇಂದಿಗೂ ಗಟ್ಟಿಯಾಗಿದೆ.

ಇನ್ನೊಂದು ದೂರು. ಪೆಟ್ಟಿಗೆಯ ಮೇಲೆ 30 ಇಂಚು ಎಂದು ಬರೆದಿತ್ತು. ನಾನು ಎಷ್ಟೇ ಒತ್ತಿದರೂ 26 ದಾಟಲಿಲ್ಲ.

ಡಿಪ್ಲೊಮಾ ಮಾಸ್ತರ (ಕಲಬುರಗಿ)

ಎರಡನೆಯ ದೂರಿನಲ್ಲಿ ಪಂಪಿನ ತಪ್ಪು ಇಲ್ಲ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡವೇ 29.92 ಇಂಚು, ಅಂದರೆ 760 ಮಿಲಿಮೀಟರ್ ಪಾದರಸ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು ಸುಮಾರು 28.3 ಇಂಚು, ಯಾದಗಿರಿ ಇನ್ನೂ ತಗ್ಗಿನಲ್ಲಿರುವುದರಿಂದ ಸ್ವಲ್ಪ ಹೆಚ್ಚು, ಬೀದರ್ ಆರುನೂರು ಮೀಟರಿಗಿಂತ ಮೇಲಿರುವುದರಿಂದ ಅಲ್ಲಿ 27.7ರ ಆಸುಪಾಸು. ಲೋಕದ ಅತ್ಯುತ್ತಮ ಪಂಪನ್ನು ತಂದು ಬೀದರ್ ಕೋಟೆಯ ಮುಂದೆ ಒತ್ತಿದರೂ ಮುಳ್ಳು 28ನ್ನು ಮುಟ್ಟುವುದಿಲ್ಲ. ಮುಟ್ಟಿತೆಂದರೆ ಗೇಜ್ ಸುಳ್ಳು ಹೇಳುತ್ತಿದೆ. ನಿಮ್ಮ ಪಂಪ್ 26 ತೋರಿಸಿದ್ದು ಮೆಚ್ಚಬೇಕಾದ ಸಂಗತಿಯೇ. ಅದು ನಿಲ್ಲಲಿಲ್ಲ ಎಂಬುದಷ್ಟೇ ದೋಷ.

ನೌಬಾದ್ ಉಸ್ತಾದ್ (ಬೀದರ್)

ಹಳೆಗಾಡಿಯವರು ಕೊನೆಯಲ್ಲಿ ಮಾಡಿದ್ದನ್ನು ಮೊದಲು ಮಾಡಬೇಕು. ಪಂಪ್ ಕೈಗೆ ಬಂದ ದಿನವೇ, ಆಮೇಲೆ ಪ್ರತಿ ಬಾರಿ ಕೆಲಸಕ್ಕೆ ಇಳಿಯುವ ಮೊದಲು, ಅದರ ಪೈಪಿನ ತುದಿಗೆ ಬಿಗಿಯಾದ ಬಿರಡೆ ಹಾಕಿ 20 ಇಂಚಿಗೆ ಏರಿಸಿ ಎರಡು ನಿಮಿಷ ಬಿಡಿರಿ. ಮುಳ್ಳು ಕದಲಬಾರದು. ಪೈಪು ಸಹಿತ ಒಮ್ಮೆ, ಪೈಪಿಲ್ಲದೆ ಒಮ್ಮೆ ನೋಡಿದರೆ ಸೋರಿಕೆ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಹೆಬ್ಬೆರಳನ್ನು ನಂಬಬೇಡಿರಿ, ಬೆವರಿದ ಕೈ ಸೋರುತ್ತದೆ, ಒಣಗಿದ ಕೈಯೂ ಸೋರುತ್ತದೆ.

ಪಿಸ್ಟನ್ ಸೀಲ್ ಒಣಗಿದರೆ ಒಂದೆರಡು ಹನಿ ಸಿಲಿಕೋನ್ ಎಣ್ಣೆ ಸಾಕು. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿರಿ. ಅದೇ ಪಂಪನ್ನು ಮುಂದೆ ಬ್ರೇಕ್ ಆಯಿಲ್ ಕೆಲಸಕ್ಕೂ ಬಳಸುತ್ತೀರಿ. ಬ್ರೇಕಿನ ರಬ್ಬರಿಗೆ ಖನಿಜ ಎಣ್ಣೆ ತಗುಲಿದರೆ ಅದು ಊದಿಕೊಂಡು ಹಾಳಾಗುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲಿನಲ್ಲಿ ಗಾಡಿಯ ಡಿಕ್ಕಿಯೊಳಗೆ ಇಟ್ಟರೂ ಸೀಲ್ ಗಟ್ಟಿಯಾಗುತ್ತದೆ, ಮನೆಯೊಳಗೆ ಇಡಿರಿ.

ಸೇಡಂ ರಸ್ತೆಯ ಸವಾರ (ಕಲಬುರಗಿ)

ಭಾವನವರ ಮೂಲಕ ಲೋಹದ ಪಂಪ್ ಒಂದನ್ನು ತರಿಸಿಕೊಂಡೆ. ಬಿರಡೆ ಹಾಕಿ ನೋಡಿದೆ, ಎರಡು ನಿಮಿಷದಲ್ಲಿ ಮುಳ್ಳು ಕದಲಲಿಲ್ಲ. ಧೈರ್ಯವಾಗಿ ಬೂಸ್ಟರಿನ ಚೆಕ್ ವಾಲ್ವಿಗೆ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವಿಗೆ) ಪೈಪು ಜೋಡಿಸಿ ಒತ್ತತೊಡಗಿದೆ. ಅರವತ್ತು ಬಾರಿ ಒತ್ತಿದ ಮೇಲೆ ಮುಳ್ಳು 8ರ ಬಳಿ ಇತ್ತು. ಬೂಸ್ಟರ್ ಹರಿದಿರುವುದು ಇದರಿಂದ ಖಚಿತವಾಯಿತಲ್ಲವೇ? ಗ್ಯಾರೇಜಿನವರನ್ನು ಸುಮ್ಮನೆ ಅನುಮಾನಿಸಿದೆನೇನೋ ಎನಿಸುತ್ತಿದೆ.

ಡಿಪ್ಲೊಮಾ ಮಾಸ್ತರ (ಕಲಬುರಗಿ)

ಖಚಿತವಾಗಲಿಲ್ಲ. ನೀವು ಇನ್ನೂ ಅರ್ಧ ದಾರಿಯನ್ನೂ ಸವೆಸಿಲ್ಲ.

ಇಂಥ ಪಂಪ್ ಒಂದು ಒತ್ತಿಗೆ ಸುಮಾರು 16 ಮಿಲಿಲೀಟರ್ ಗಾಳಿಯನ್ನು ತೆಗೆಯುತ್ತದೆ. ಬೂಸ್ಟರಿನ ಎರಡೂ ಕೋಣೆಗಳು ಸೇರಿ ಮೂರು ಲೀಟರ್ ಎಂದು ಹಿಡಿಯೋಣ. ಪ್ರತಿ ಒತ್ತಿನಲ್ಲೂ ಒಳಗೆ ಉಳಿದಿರುವ ಗಾಳಿಯ ಸುಮಾರು ಇನ್ನೂರರಲ್ಲಿ ಒಂದು ಪಾಲು ಮಾತ್ರ ಹೊರಬರುತ್ತದೆ, ಮುಂದಿನ ಒತ್ತಿಗೆ ಇನ್ನೂ ತೆಳುವಾದ ಗಾಳಿ ಸಿಗುತ್ತದೆ. ಈ ಲೆಕ್ಕದಲ್ಲಿ ಕಲಬುರಗಿಯಲ್ಲಿ 20 ಇಂಚಿಗೆ ಏರಬೇಕಾದರೆ ಸುಮಾರು 230 ಬಾರಿ ಒತ್ತಬೇಕು, ಅರವತ್ತಕ್ಕೆ 8ರ ಹತ್ತಿರ ಬರಬೇಕು. ನಿಮಗೆ ಬಂದಿರುವುದೂ ಅದೇ. ಇದೇ ಪಂಪ್ ಟರ್ಬೊ ಆಕ್ಚುಯೇಟರಿನಂಥ ಪುಟ್ಟ ಡಬ್ಬಿಯನ್ನು ಕೆಲವೇ ಒತ್ತುಗಳಲ್ಲಿ ಪೂರ್ತಿ ಎಳೆದುಬಿಡುತ್ತದೆ. ಮುಳ್ಳು ನಿಧಾನವಾಗಿ ಏರಿತೆಂದು ತೀರ್ಪು ಕೊಡಬೇಡಿರಿ, ಒತ್ತುವುದನ್ನು ನಿಲ್ಲಿಸಿದ ಮೇಲೆ ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿರಿ. ಕೈ ನೋಯುತ್ತದೆ, ಮನೆಯ ಹುಡುಗರನ್ನು ಕರೆದುಕೊಳ್ಳಿರಿ.

ನೌಬಾದ್ ಉಸ್ತಾದ್ (ಬೀದರ್)

ಮಾಸ್ತರರ ಲೆಕ್ಕ ಸರಿ, ಆದರೆ ಕೆಲಸದವನಿಗೆ ಇನ್ನೂರು ಬಾರಿ ಒತ್ತುವ ಪುರುಸೊತ್ತು ಎಲ್ಲಿದೆ? ಬೂಸ್ಟರಿಗೆ ಎಂಜಿನ್ ಕೈಯಲ್ಲೇ ಎಳೆಸಿರಿ. ನಿಮ್ಮ ಪಂಪಿನ ಗೇಜನ್ನು ಟಿ ಕನೆಕ್ಟರ್ ಮೂಲಕ ಬೂಸ್ಟರಿಗೆ ಹೋಗುವ ದೊಡ್ಡ ಪೈಪಿಗೆ ಸೇರಿಸಿ ಎಂಜಿನ್ ಐಡಲ್‌ನಲ್ಲಿ ಬಿಡಿರಿ. ಆರೋಗ್ಯವಂತ ಡೀಸೆಲ್ ವ್ಯಾಕ್ಯೂಮ್ ಪಂಪ್ ನಮ್ಮ ಕಡೆ 24, 25 ಇಂಚು ಕೊಡಬೇಕು. ಅಷ್ಟು ಬರದಿದ್ದರೆ ಟರ್ಬೊ ಕಡೆಗೆ ಹೋಗುವ ಸಣ್ಣ ಕವಲನ್ನು ಕಳಚಿ ಅದರ ಬಾಯಿಗೆ ಬಿರಡೆ ಹಾಕಿ ಮತ್ತೆ ನೋಡಿರಿ. ರಬ್ಬರ್ ಪೈಪಾಗಿದ್ದರೂ ಇಕ್ಕಳದಿಂದ ಹಿಸುಕಬೇಡಿರಿ. ಹತ್ತು ವರ್ಷ ಬಿಸಿ ತಿಂದ ಪೈಪು ಹಿಸುಕಿದಲ್ಲೇ ಸೀಳುತ್ತದೆ, ಆಗ ಇದ್ದ ಸೋರಿಕೆ ಯಾವುದು, ನಾವು ಮಾಡಿದ್ದು ಯಾವುದು ಎಂದು ತಿಳಿಯುವುದಿಲ್ಲ.

ಸೇಡಂ ರಸ್ತೆಯ ಸವಾರ (ಕಲಬುರಗಿ)

ಭಾನುವಾರವಿಡೀ ಇದೇ ಕೆಲಸವಾಯಿತು. ಐಡಲ್‌ನಲ್ಲಿ ಮೊದಲು 15 ಇಂಚು ಬಂದಿತು. ಸಣ್ಣ ಕವಲನ್ನು ಕಳಚಿ ಬಿರಡೆ ಹಾಕಿದೊಡನೆ ಮುಳ್ಳು 25ಕ್ಕೆ ಏರಿ ಅಲುಗದೆ ನಿಂತಿತು. ಎಂಜಿನ್ ನಿಲ್ಲಿಸಿ ಬೂಸ್ಟರ್ ಕಡೆಯಿಂದ ಅಳೆದಾಗ ಹತ್ತು ನಿಮಿಷದಲ್ಲಿ ಒಂದು ಇಂಚೂ ಇಳಿಯಲಿಲ್ಲ. ಅಂದರೆ ಗಾಡಿಯ ವ್ಯಾಕ್ಯೂಮ್ ಪಂಪ್, ಬೂಸ್ಟರ್, ಚೆಕ್ ವಾಲ್ವ್ ಮೂರೂ ನೆಟ್ಟಗಿವೆ.

ಆಮೇಲೆ ಕೈ ಪಂಪನ್ನು ನೇರವಾಗಿ ಟರ್ಬೊ ಆಕ್ಚುಯೇಟರಿಗೆ ಜೋಡಿಸಿದೆ. ಕಡ್ಡಿ ತಡೆಯಿಲ್ಲದೆ ಪೂರ್ತಿ ಎಳೆದುಕೊಂಡಿತು, ಬಿಟ್ಟಾಗ ಮೆತ್ತಗೆ ಮರಳಿತು, ನಡುವೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಎಂದಮೇಲೆ ಮಸಿ ಕಟ್ಟಿ ರೆಕ್ಕೆಗಳು ಅಂಟಿಕೊಂಡಿಲ್ಲ ಎಂದು ತಿಳಿಯಬಹುದೇ? ಉಳಿದದ್ದು ಕವಲಿನಿಂದ ಸೋಲೆನಾಯ್ಡಿನವರೆಗಿನ ಪೈಪು. ಅದರ ಒಂದು ತುದಿಗೆ ಬಿರಡೆ ಹಾಕಿ ಇನ್ನೊಂದು ತುದಿಯಿಂದ ಒತ್ತಿದರೆ ಮುಳ್ಳು ಏಳಲೇ ಇಲ್ಲ. ಬಿಚ್ಚಿ ಬಗ್ಗಿಸಿ ನೋಡಿದಾಗ, ಲೋಹದ ಪಟ್ಟಿಗೆ ಒರಗಿಕೊಂಡಿದ್ದ ಜಾಗದಲ್ಲಿ, ಕೆಳಗಿನ ಮಗ್ಗುಲಲ್ಲಿ ಉಗುರಿನಷ್ಟು ಉದ್ದದ ಸೀಳು ಕಾಣಿಸಿತು. ಮೇಲಿನಿಂದ ನೋಡಿದವರಿಗೆ ಅದು ಕಾಣುವ ಹಾಗೆಯೇ ಇರಲಿಲ್ಲ.

ನೌಬಾದ್ ಉಸ್ತಾದ್ (ಬೀದರ್)

ತಿಳಿಯಬಹುದು. ರೆಕ್ಕೆ ಅಂಟಿದ್ದರೆ ಕಡ್ಡಿ ಜರ್ಕ್ ಹೊಡೆಯುತ್ತದೆ, ಇಲ್ಲವೇ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಕೈ ಪಂಪ್ ಆಕ್ಚುಯೇಟರನ್ನು ಮಾತ್ರ ನೋಡಿತು. ಸೋಲೆನಾಯ್ಡ್ ತನ್ನ ಕೆಲಸ ಮಾಡುತ್ತಿದೆಯೇ ಎಂಬುದು ಪೈಪು ಬದಲಿಸಿ ಗಾಡಿ ಓಡಿಸಿದ ಮೇಲೆಯೇ ತಿಳಿಯುವುದು. ಪೈಪು ಬದಲಿಸುವಾಗ ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಗೋಡೆಯ ಪೈಪನ್ನೇ ಹಾಕಿರಿ. ವೈಪರ್ ನೀರಿನ ಪೈಪು ಅಗ್ಗವೆಂದು ಹಾಕಿದರೆ ಎಂಜಿನ್ ಬಿಸಿಗೆ ಮೆತ್ತಗಾಗಿ ಒಳಗಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ, ರೋಗ ಮತ್ತೆ ಅದೇ.

ತೊಗರಿ ಕಣ (ಆಳಂದ)

ಈ ಚರ್ಚೆಯನ್ನು ಓದಿ ನಾನೂ ಒಂದು ಪಂಪ್ ತಂದೆ, ಬ್ರೇಕ್ ಲೈನಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆಯುವುದಕ್ಕಾಗಿ. ಒಬ್ಬನೇ ಕುಳಿತು ಚಕ್ರದ ಬಳಿ ಏರ್ ಬಿಡುವ ನಿಪ್ಪಲ್ ಸಡಿಲಿಸಿ ಎಳೆಯುತ್ತಿದ್ದೇನೆ, ಒಂದು ಗಂಟೆಯಿಂದ ಗುಳ್ಳೆಗಳು ನಿಲ್ಲುತ್ತಲೇ ಇಲ್ಲ. ಅರ್ಧ ಲೀಟರ್ ಬ್ರೇಕ್ ಆಯಿಲ್ ಖರ್ಚಾಗಿದೆ. ಪೆಡಲ್ ಮಾತ್ರ ಗಟ್ಟಿಯಾಗಿಯೇ ಇದೆ!

ನೌಬಾದ್ ಉಸ್ತಾದ್ (ಬೀದರ್)

ಅಣ್ಣಾ, ಏರ್ ತೆಗೆಯುವಾಗ ಪೆಡಲ್ ಗಟ್ಟಿಯಾಗಿದ್ದರೆ ಲೈನಿನಲ್ಲಿ ಏರ್ ಉಳಿದಿಲ್ಲ ಎಂದರ್ಥ, ಕೆಲಸ ಮುಗಿದು ಎಷ್ಟೋ ಹೊತ್ತಾಗಿದೆ. ನೀವು ನೋಡುತ್ತಿರುವ ಗುಳ್ಳೆಗಳು ಬ್ರೇಕ್ ಲೈನಿನವಲ್ಲ. ನಿಪ್ಪಲ್ ಸಡಿಲವಾದಾಗ ಅದರ ತಿರುಪಿನ ಸುತ್ತಲಿನಿಂದ ಹೊರಗಿನ ಗಾಳಿಯನ್ನೇ ಪಂಪ್ ಎಳೆದುಕೊಳ್ಳುತ್ತದೆ. ನಿಪ್ಪಲ್ಲನ್ನು ಕಾಲು ಸುತ್ತಿಗಿಂತ ಹೆಚ್ಚು ತೆರೆಯಬೇಡಿರಿ, ಅದರ ಬುಡದ ಸುತ್ತ ಸಿಲಿಕೋನ್ ಗ್ರೀಸ್ ಮೆತ್ತಿರಿ. ಮೊದಲು 15, 20 ಇಂಚು ಎಳೆದು ಆಮೇಲೆ ನಿಪ್ಪಲ್ ತೆರೆಯಬೇಕು, ಮುಳ್ಳು ಪೂರ್ತಿ ಇಳಿಯುವ ಮೊದಲೇ ಮುಚ್ಚಬೇಕು. ದ್ರವದ ಡಬ್ಬಿ ಪಂಪಿಗೂ ನಿಪ್ಪಲ್ಲಿಗೂ ನಡುವೆ ನೆಟ್ಟಗೆ ನಿಂತಿರಲಿ. ಬ್ರೇಕ್ ಆಯಿಲ್ ಪಂಪಿನೊಳಗೆ ಹೋಗಬಾರದು, ಗಾಡಿಯ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೂ ತಿನ್ನುತ್ತದೆ. ಗಾಡಿಯ ಬ್ರೇಕ್ ಆಯಿಲ್ ತುಂಬುವ ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೆ ಎಲ್ಲವೂ ಮೊದಲಿನಿಂದ.

ನನ್ನ ಅಭಿಪ್ರಾಯ ಕೇಳಿದರೆ, ಪಂಪಿನಿಂದ ಹಳೆಯ ಆಯಿಲ್ ತೆಗೆದು ಹೊಸದನ್ನು ತುಂಬಿಸಿರಿ, ಆದರೆ ಕೊನೆಯ ಏರನ್ನು ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ನಿಪ್ಪಲ್ ಬಿಚ್ಚುವ ಹಳೆಯ ರೀತಿಯಲ್ಲೇ ತೆಗೆಯಿರಿ.

ಡಿಪ್ಲೊಮಾ ಮಾಸ್ತರ (ಕಲಬುರಗಿ)

ಉಸ್ತಾದರ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಳೆಯ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗದ) ಸೀಲು ವರ್ಷಗಟ್ಟಲೆ ಒಂದೇ ಅಂತರದಲ್ಲಿ ಓಡಾಡಿರುತ್ತದೆ. ಅದರಾಚೆಯ ಗೋಡೆಯಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲ್ಲನ್ನು ನೆಲದವರೆಗೆ ಒತ್ತಿದರೆ ಸೀಲು ಆ ಒರಟು ಜಾಗಕ್ಕೆ ಉಜ್ಜಿ ಹರಿಯುವ ಸಂಭವವಿದೆ. ನಿರ್ವಾತದಿಂದ ಎಳೆದರೆ ಪೆಡಲ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಪೆಡಲ್ ಬಳಸಲೇಬೇಕಾದರೆ ಕೆಳಗೆ ಮರದ ತುಂಡೊಂದನ್ನು ಇಟ್ಟು ಅರ್ಧಕ್ಕೆ ತಡೆಯಿರಿ.

ಆಯಿಲ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮೇಲೆ ಅದರ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ನಿಪ್ಪಲ್ಲಿನಿಂದ ಎಳೆದು ಡಬ್ಬಿಯಲ್ಲಿ ಕೂಡಿದ ಆಯಿಲನ್ನು ಮತ್ತೆ ಮೇಲೆ ಸುರಿಯುವ ಅಭ್ಯಾಸ ಕೆಲವರಲ್ಲಿದೆ, ಅದನ್ನು ಮಾಡಬೇಡಿರಿ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ ಗಾಡಿಗಳಿಗೆ ಅನೇಕ ಬಾರಿ ಸ್ಕ್ಯಾನರ್ ಬೇಕಾಗುತ್ತದೆ, ಕೈ ಪಂಪೊಂದರಿಂದ ಆಗುವುದಿಲ್ಲ.

ನೌಬಾದ್ ಉಸ್ತಾದ್ (ಬೀದರ್)

ಮರದ ತುಂಡಿನ ಮಾತು ಒಪ್ಪಿದೆ ಮಾಸ್ತರರೇ. ಹಳೆಯ ರೀತಿಯನ್ನು ಮಾತ್ರ ಬಿಡುವುದಿಲ್ಲ.

ತೊಗರಿ ಕಣ (ಆಳಂದ)

ಇಬ್ಬರಿಗೂ ಧನ್ಯವಾದಗಳು. ಗ್ರೀಸ್ ಮೆತ್ತಿದ ಮೇಲೆ ಗುಳ್ಳೆ ನಿಂತಿತು. ಇದೇ ಪಂಪಿನಿಂದ ಏಸಿಯ ಗಾಳಿಯನ್ನೂ ತೆಗೆದು ಗ್ಯಾಸ್ ತುಂಬಿಸಬಹುದೇ?

ಡಿಪ್ಲೊಮಾ ಮಾಸ್ತರ (ಕಲಬುರಗಿ)

ಸಾಧ್ಯವಿಲ್ಲ. ಏಸಿಯೊಳಗಿನ ತೇವ ಆವಿಯಾಗಿ ಹೊರಬರಬೇಕಾದರೆ ಬಹಳ ಆಳವಾದ ನಿರ್ವಾತ ಬೇಕು, ಅದನ್ನು ಸಾಕಷ್ಟು ಹೊತ್ತು ಎಳೆಯುತ್ತಲೂ ಇರಬೇಕು. ಅದಕ್ಕೆ ವಿದ್ಯುತ್ತಿನಿಂದ ನಡೆಯುವಂಥ ಪಂಪ್ ಬೇಕು.

ಸೇಡಂ ರಸ್ತೆಯ ಸವಾರ (ಕಲಬುರಗಿ)

ಹೊಸ ಪೈಪು ಹಾಕಿ, ಲೋಹದ ಪಟ್ಟಿಗೆ ತಾಗದಂತೆ ಕಟ್ಟಿ, ರಿಂಗ್ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬಂದೆ. ಪಿಕಪ್ ಮರಳಿದೆ, ಸೋಲೆನಾಯ್ಡ್ ಕೂಡ ಸರಿಯಿದೆ ಎಂದಾಯಿತು. ಬ್ರೇಕ್ ಒಂದರ ಹಿಂದೊಂದು ಆರು ಬಾರಿ ಒತ್ತಿದರೂ ಪೆಡಲ್ ಮೆತ್ತಗೇ ಇದೆ. ಐಡಲ್‌ನಲ್ಲಿ ಗೇಜ್ 25 ತೋರಿಸುತ್ತಿದೆ. ಒಂದು ಮೀಟರ್ ಪೈಪು ತಂದಿದ್ದೆ, ಅರ್ಧ ಉಳಿದಿದೆ.

ಶಹಾಪುರದ ಹಳೆಗಾಡಿ (ಯಾದಗಿರಿ)

ಉಳಿದ ಅರ್ಧ ಮೀಟರಿನ ಒಳಅಳತೆ ಎಷ್ಟು ಎಂದು ತಿಳಿಸುವಿರಾ? ನಾಲ್ಕು ಮಿಲಿಮೀಟರ್ ಇದ್ದರೆ ನನ್ನ 800ರ ಡಿಸ್ಟ್ರಿಬ್ಯೂಟರಿಗೆ ಬೇಕಾಗಿದೆ. ಮುಂದಿನ ವಾರ ಕಲಬುರಗಿಗೆ ಬರುವವನಿದ್ದೇನೆ. ನಿಮ್ಮ ಪಂಪನ್ನೂ ಹತ್ತು ನಿಮಿಷ ಕೊಟ್ಟರೆ ತೆಗೆದಿಟ್ಟ ಆ ಹಳೆಯ ಡಯಾಫ್ರಾಮನ್ನು ಜೊತೆಗೆ ತರುತ್ತೇನೆ, ಇನ್ನೊಮ್ಮೆ ಹಚ್ಚಿ ನೋಡೋಣ.